ಮುಂಜಾನೆ ಮಾತ್ರ ನಡುಗೋ ಡೀಸೆಲ್ ಪಿಕಪ್, ನಾ ಹೆಂಗ ಸರಿ ಮಾಡಿಕೊಂಡೆ

ನಮ್ದು ಸಿಂಧನೂರು ಕಡೆ. ಭತ್ತ, ಗೊಬ್ಬರ, ತರಕಾರಿ ಏನ್ ಬಾಡಿಗಿ ಬರ್ತದೋ ಅದನ್ನ ಹೊಡಿಯೋ ಡೀಸೆಲ್ ಪಿಕಪ್ ಅದ, ನಾಕು ಸಿಲಿಂಡರ್, ಕಾಮನ್ ರೈಲ್ ಇಂಜಿನ್ (ರೈಲ್ ಅನ್ನೋ ಒಂದೇ ಪೈಪಿನಿಂದ ಎಲ್ಲಾ ಸಿಲಿಂಡರಿಗೂ ಭಾಳ ಪ್ರೆಶರ್‌ನ್ಯಾಗ ಡೀಸೆಲ್ ಹೋಗೋದು). ಭತ್ತದ ಕೊಯ್ಲು ಮುಗಿದು ಚಳಿ ಬಿತ್ತಂದ್ರ ನಸುಕಿನ್ಯಾಗ ಗಾಡಿ ಜಲ್ದಿ ಸ್ಟಾರ್ಟ್ ಆಗ್ತಿದ್ದಿಲ್ಲ, ಆದ ಮ್ಯಾಲೂ ಒಂದೆರಡು ನಿಮಿಷ ಮಿಸ್ ಹೊಡಿಯೋದು, ಗೇರ್ ರಾಡ್ ಗಡಗಡ ಅಲ್ಲಾಡೋದು, ಸೈಲೆನ್ಸರ್‌ನಿಂದ ಬೆಳ್ಳನ ಹೊಗಿ, ಅದ್ರಾಗ ಹಸಿ ಡೀಸೆಲ್ ವಾಸನಿ ಕಣ್ಣು ಉರಿಯೋ ಹಂಗ. ಇಂಜಿನ್ ಬಿಸಿ ಆತು ಅಂದ್ರ ಏನೂ ಇಲ್ಲ, ಸುಮ್ನ ಓಡ್ತದ.

ಎಲ್ಲಾರೂ ಸಿಕ್ಕೊಳ್ಳೋದು ಇಲ್ಲೇ. ಗ್ಯಾರೇಜ್ ತೆಗಿಯೋದು ಹತ್ತು ಗಂಟೆಗೆ, ನಾವು ಅಲ್ಲಿಗೆ ಓಡಿಸ್ಕೊಂಡು ಹೋಗೋದ್ರಾಗ ಇಂಜಿನ್ ಬಿಸಿ, ಮೇಸ್ತ್ರಿ ಬಾನೆಟ್ ಎತ್ತಿ ಕಿವಿ ಕೊಟ್ಟು ಕೇಳಿ "ಚೊಲೋ ಅದಲ್ರಿ ಅಣ್ಣಾ, ಏನಾಗೇದ ಇದಕ್ಕ" ಅಂತಾನ. ಇನ್ನೊಬ್ಬಾಂವ ಕೇಳಿದ್ದೇ ತಡ "ನಾಝಲ್ ಹೋಗ್ಯಾವ, ನಾಕೂ ಬದ್ಲಿ ಮಾಡ್ರಿ" ಅಂದ. ನಾಝಲ್ ಅಂದ್ರ ಸಿಲಿಂಡರ್ ಒಳಗ ಡೀಸೆಲ್ ಸಿಂಪಡಿಸೋ ಸಾಮಾನು, ಕಾಮನ್ ರೈಲ್ ನಾಝಲ್ ರೇಟ್ ಗೊತ್ತಿದ್ದವರಿಗೆ ಎದಿ ಧಸಕ್ ಅಂತದ. ಬಿಸಿ ಇದ್ದಾಗ ಲೋಡ್ ಹಾಕ್ಕೊಂಡು ಚಂದ ಎಳಿಯೋ ಗಾಡಿಗೆ ಮೊದ್ಲೇ ನಾಝಲ್ ಮ್ಯಾಲ ಯಾಕ ಅನುಮಾನ, ತಣ್ಣಗಿದ್ದಾಗ ಮಾತ್ರ ಕೆಲಸ ಮಾಡೋ ಸಾಮಾನು ಯಾವ್ದು ಅಂತ ಮೊದ್ಲು ನೋಡ್ಬೇಕಲ್ಲ. ಅದಕ್ಕ ಗಾಡಿ ರಾತ್ರಿ ಮನಿ ಮುಂದ ನಿಲ್ಲಿಸಿ, ನಸುಕಿನ್ಯಾಗ ಕೀಲಿ ಹಾಕೋಕ್ಕಿಂತ ಮೊದ್ಲೇ ಕರೆಂಟ್ ಚೆಕ್ ಮಾಡೋ ಮಲ್ಟಿಮೀಟರ್ ಹಿಡ್ಕೊಂಡು ಕುಂತೆ.

ಮೊದ್ಲು ಹೀಟರ್ ಪ್ಲಗ್. ಡೀಸೆಲ್ ಇಂಜಿನ್‌ದಾಗ ಕಿಡಿ ಹಾರಿಸೋ ಪ್ಲಗ್ ಇರಂಗಿಲ್ಲ, ಗಾಳಿ ಒತ್ತಿದಾಗ ಬರೋ ಶಾಖಕ್ಕೇ ಡೀಸೆಲ್ ಉರಿಬೇಕು, ಹೆಡ್ (ಸಿಲಿಂಡರ್ ಮ್ಯಾಲಿನ ಮುಚ್ಚಳ) ತಣ್ಣಗಿದ್ರ ಆ ಶಾಖ ಅದೇ ಹೀರ್ಕೊಂತದ, ಅದಕ್ಕ ಸಿಲಿಂಡರಿಗೊಂದು ಹೀಟರ್ ಪ್ಲಗ್ ಇರ್ತದ, ತುದಿ 800 ಡಿಗ್ರಿ ದಾಟಿ ಕೆಂಪಗ ಕಾಯ್ತದ. ಭಾಳ ಗಾಡಿಯಾಗ ಸ್ಟಾರ್ಟ್ ಆದ ಮ್ಯಾಲೂ ಅದು ಸ್ವಲ್ಪ ಹೊತ್ತು ಕಾಯ್ತಾನೇ ಇರ್ತದ. ಒಂದು ಸತ್ರ ಆ ಸಿಲಿಂಡರ್ ಬಿಸಿ ಆಗೋ ತನಕ ಡೀಸೆಲ್ ಉರೀದೆ ಬೆಳ್ಳನ ಹೊಗಿ ಆಗಿ ಹೊರಗ ಬರ್ತದ, ಇಂಜಿನ್ ಕುಂಟ್ತದ. ಡ್ಯಾಶ್‌ಬೋರ್ಡಿನ್ಯಾಗ ಸುರುಳಿ ಲೈಟ್ ಹತ್ತಿ ಆರಿತು ಅಂದ್ರ ಪ್ಲಗ್ ಚೊಲೋ ಅದಾವ ಅಂತ ತಿಳ್ಕೋಬ್ಯಾಡ್ರಿ, ಹಳೆ ಗಾಡಿಯಾಗ ಅದು ಬರೇ ಟೈಮರ್.

ನಾಕೂ ಪ್ಲಗ್ಗಿಗೆ ಕರೆಂಟ್ ಕೊಡೋ ಪಟ್ಟಿ ಬಿಚ್ಚಿ, ಮೀಟರ್ ಓಮ್‌ಗೆ ಇಟ್ಟು ಒಂದು ಕಡ್ಡಿ ಪ್ಲಗ್ ತುದಿಗೆ, ಇನ್ನೊಂದು ಇಂಜಿನ್ ಮೈಗೆ ಹಿಡಿದೆ. ಚೊಲೋ ಪ್ಲಗ್ ಒಂದು ಓಮ್ ಆಸುಪಾಸು ತೋರಿಸ್ತದ. ಎರಡು ಹಂಗೇ ತೋರಿಸಿದ್ವು, ಇನ್ನೆರಡಕ್ಕ ಮೀಟರ್ ಅಲ್ಲಾಡ್ಲೇ ಇಲ್ಲ, ಒಳಗ ತಂತಿ ಸುಟ್ಟು ಹೋಗಿತ್ತು. ಆಮ್ಯಾಲ ಪಟ್ಟಿಗೆ ಟೆಸ್ಟ್ ಬಲ್ಬ್ ಹಚ್ಚಿ ಕೀಲಿ ತಿರುಗಿಸಿದೆ, ಬಲ್ಬ್ ಹತ್ತಿತು, ಅಂದ್ರ ಪ್ಲಗ್ಗಿಗೆ ಕರೆಂಟ್ ಬಿಡೋ ಸ್ವಿಚ್, ರಿಲೇ, ಚೊಲೋ ಅದ.

ಬಿಚ್ಚೋದು ಮಾತ್ರ ಭಾಳ ಹುಷಾರಿ ಕೆಲಸ. ಕಾರ್ಬನ್ ಹಿಡಿದು ಕುಂತಿರ್ತದ, ಜೋರ್ ಮಾಡಿದ್ರ ಪ್ಲಗ್ ನಡುವ ಮುರೀತದ, ಆಮ್ಯಾಲ ಹೆಡ್ ಇಳಿಸೋ ಖರ್ಚು. ನಾ ಹಿಂದಿನ ರಾತ್ರಿನೇ ಬುಡಕ್ಕ ತುಕ್ಕು ಬಿಡಿಸೋ ಎಣ್ಣಿ ಹೊಡದು, ಮರುದಿನ ಇಂಜಿನ್ ಬೆಚ್ಚಗ ಮಾಡ್ಕೊಂಡು, ಪಾನಾ ಅರ್ಧ ಸುತ್ತು ಬಿಚ್ಚೋದು, ತಿರುಗಿ ಸ್ವಲ್ಪ ಟೈಟ್ ಮಾಡೋದು, ಮತ್ತ ಬಿಚ್ಚೋದು, ಹಿಂಗ ಆಡಿಸಿ ಆಡಿಸಿ ತೆಗದೆ. ಹೊಸಾವು ತರುವಾಗ ಹಳೆ ಪ್ಲಗ್ ಮ್ಯಾಲಿನ ನಂಬರ್ ಮತ್ತ ವೋಲ್ಟ್ ನೋಡ್ರಿ, ಕಮ್ಮಿ ವೋಲ್ಟಿನ ಪ್ಲಗ್ಗೂ ಬರ್ತಾವ, ಅವಕ್ಕ ಸೀದಾ 12 ವೋಲ್ಟ್ ಹೋತಂದ್ರ ಸುಟ್ಟೇ ಹೋಗ್ತಾವ. ನಾಕೂ ಒಮ್ಮೆಲೇ ಹಾಕಿದೆ.

ಹೊಗಿ ಭಾಳ ಕಮ್ಮಿ ಆತು, ಆದ್ರ ಸೆಲ್ಫ್ ಇನ್ನೂ ಉದ್ದ ತಗೊಳ್ತಿತ್ತು, ಸ್ಟಾರ್ಟ್ ಆದ ಕೂಡ್ಲೇ ಒಂದ್ ಸ್ವಲ್ಪ ಕುಂಟ್ತಿತ್ತು. ಡೀಸೆಲ್ ಫಿಲ್ಟರ್ ಹತ್ರ ಇರೋ ಕೈಪಂಪ್ ಒತ್ತಿ ನೋಡಿದ್ರ ಮೆತ್ತಗ, ರಾತ್ರಿ ಗಟ್ಟಿ ಮಾಡಿ ಬಿಟ್ರೂ ಮುಂಜಾನೆ ಮತ್ತ ಮೆತ್ತಗ. ಡೀಸೆಲ್ ಲೈನಿನ್ಯಾಗ ಏರ್ ಹಿಡೀತದ ಅಂತ ಆಯ್ತು. ಫಿಲ್ಟರ್ ಮತ್ತ ಇಂಜಿನ್ನಿನ ಡೀಸೆಲ್ ಪಂಪ್ ನಡುವ ಒಂದು ಗೇಣು ಡೀಸೆಲ್ ತಡಿಯೋ ಪಾರದರ್ಶಕ ಪೈಪ್ ಹಾಕಿ ಸ್ಟಾರ್ಟ್ ಮಾಡಿದೆ, ಸಾಸಿವೆ ಕಾಳಿನಷ್ಟು ಗುಳ್ಳಿ ಸಾಲಾಗಿ ಹೊಂಟಿದ್ವು. ಹೊರಗ ಎಲ್ಲೂ ಡೀಸೆಲ್ ಸೋರಿದ ಗುರುತಿಲ್ಲ, ಯಾಕಂದ್ರ ಆ ಕಡೆ ಪಂಪ್ ಎಳಿಯೋ ಲೈನು, ಗಾಳಿ ಒಳಗ ಹೋಗ್ತದ ಹೊರತು ಡೀಸೆಲ್ ಹೊರಗ ಬರಂಗಿಲ್ಲ. ಫಿಲ್ಟರ್ ಮುಚ್ಚಳದ ರಬ್ಬರ್ ರಿಂಗ್ ಚಪ್ಪಟಿ ಆಗಿ ಒಂದ್ ಕಡೆ ಸೀಳಿತ್ತು. ರಿಂಗ್ ಬದ್ಲಿ ಮಾಡಿ, ಫಿಲ್ಟರ್ ಕೆಳಗಿನ ನೀರು ಬಿಟ್ಟು, ಕೈಪಂಪ್ ಗಟ್ಟಿ ಆಗೋ ತನಕ ಒತ್ತಿದೆ. ಆ ಟೆಸ್ಟ್ ಪೈಪ್ ತೆಗದು ಹಳೇದೇ ಹಾಕ್ರಿ, ಅದನ್ನ ಅಲ್ಲೇ ಬಿಡಬ್ಯಾಡ್ರಿ. ಮರುದಿನ ನಸುಕಿನ್ಯಾಗ ಒಂದೇ ಸೆಲ್ಫಿಗೆ ಸ್ಟಾರ್ಟ್, ಗೇರ್ ರಾಡ್ ಅಲ್ಲಾಡ್ಲಿಲ್ಲ. ನಾಝಲ್ ಮುಟ್ಲೇ ಇಲ್ಲ.

ಹಳೆ ಇಂಜಿನ್ನಿನ್ಯಾಗ ಯಾವ ಸಿಲಿಂಡರ್ ಮಿಸ್ ಅಂತ ನೋಡಾಕ ನಾಝಲ್ ಪೈಪ್ ನಟ್ ಸಡ್ಲ ಮಾಡ್ತಿದ್ರು, ಕಾಮನ್ ರೈಲಿಗೆ ಆ ಕೆಲಸ ಮಾಡಾಕ ಹೋಗಬ್ಯಾಡ್ರಿ, ರೈಲಿನ್ಯಾಗ ಸಾವಿರ ಬಾರ್ ಮ್ಯಾಲ ಪ್ರೆಶರ್ ಬರ್ತದ, ಆ ಧಾರಿ ಚರ್ಮ ಸೀಳಿ ಒಳಗ ಹೋಗ್ತದ, ಸ್ಕ್ಯಾನರ್ ಇದ್ದಾಂವನ ಹತ್ರ ತೋರಿಸ್ರಿ. ಮತ್ತ ನಿಮ್ಮ ಗಾಡಿ ಹೊಗಿ ಹಸಿ ಡೀಸೆಲ್ ಬದ್ಲಿ ಸಿಹಿ ವಾಸನಿ ಬರ್ತಿದ್ರ, ರೇಡಿಯೇಟರ್ ನೀರೂ ಕಮ್ಮಿ ಆಗ್ತಿದ್ರ, ಮೀಟರ್ ಹಿಡ್ಕೊಂಡು ಕುಂದ್ರಬ್ಯಾಡ್ರಿ, ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗಿನ ಸೀಲ್) ಚೆಕ್ ಮಾಡಿಸ್ರಿ.