ಜಿಸಿಎಸ್‌ಇ ರಿಲಿಜಿಯಸ್ ಸ್ಟಡೀಸ್ ಪರೀಕ್ಷೆಗೆ ಪುನರಾವರ್ತನೆ ಮಾಡುವ ಬಗೆ

ಇಂಗ್ಲೆಂಡಿನಲ್ಲಿ ಓದುವ ನಮ್ಮ ಮಕ್ಕಳಲ್ಲಿ ಹಲವರು ಹದಿನಾರರ ಹೊತ್ತಿಗೆ ರಿಲಿಜಿಯಸ್ ಸ್ಟಡೀಸ್, ಅಂದರೆ ಧರ್ಮಗಳ ಅಧ್ಯಯನ ವಿಷಯದಲ್ಲಿ ಜಿಸಿಎಸ್‌ಇ ಎಂಬ ಅಲ್ಲಿನ ಶಾಲಾ ಹಂತದ ಸಾರ್ವಜನಿಕ ಪರೀಕ್ಷೆ ಬರೆಯುತ್ತಾರೆ. ಗಣಿತ ಮತ್ತು ವಿಜ್ಞಾನಕ್ಕೆ ತಿಂಗಳುಗಳನ್ನು ಕೊಟ್ಟು ಈ ವಿಷಯವನ್ನು ಕೊನೆಯ ವಾರಕ್ಕೆ ತಳ್ಳುವುದು ಅನೇಕ ಮನೆಗಳ ರೂಢಿ. ತಾನು ಒಪ್ಪದ ನಂಬಿಕೆಯನ್ನೂ ನ್ಯಾಯವಾಗಿ ವಿವರಿಸುವುದನ್ನು ಇಷ್ಟು ನೇರವಾಗಿ ಕಲಿಸುವ ವಿಷಯ ಶಾಲೆಯಲ್ಲಿ ಬೇರೊಂದಿಲ್ಲವಾದ್ದರಿಂದ, ಆ ರೂಢಿ ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಶಾಲೆ ಯಾವ ಪರೀಕ್ಷಾ ಮಂಡಳಿಯ ಪಠ್ಯಕ್ರಮವನ್ನು ಅನುಸರಿಸುತ್ತಿದೆ, ಯಾವ ಎರಡು ಧರ್ಮಗಳನ್ನು ಕಲಿಸಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಇಲ್ಲಿ ಎಕ್ಯೂಎ ಮಂಡಳಿಯ ‘ಎ’ ಪಠ್ಯಕ್ರಮವನ್ನು ಆಧಾರವಾಗಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಎರಡು ಪತ್ರಿಕೆಗಳಿವೆ. ಮೊದಲನೆಯದು ಎರಡು ಧರ್ಮಗಳ ನಂಬಿಕೆ ಮತ್ತು ಆಚರಣೆಗಳನ್ನು ಕುರಿತದ್ದು. ಎರಡನೆಯದು ಕುಟುಂಬ, ಯುದ್ಧ ಮತ್ತು ಶಾಂತಿ, ಅಪರಾಧ ಮತ್ತು ಶಿಕ್ಷೆಯಂತಹ ನಾಲ್ಕು ವಿಷಯಗಳನ್ನು ಕುರಿತದ್ದು. ಪ್ರತಿಯೊಂದು ಪತ್ರಿಕೆಗೂ ಒಂದು ಗಂಟೆ 45 ನಿಮಿಷ. ಪ್ರತಿ ಪತ್ರಿಕೆಯಲ್ಲಿ ನಾಲ್ಕು ಭಾಗಗಳು. ಪ್ರತಿ ಭಾಗಕ್ಕೆ 24 ಅಂಕಗಳಿದ್ದು, ಅವು 1, 2, 4, 5 ಮತ್ತು 12 ಅಂಕಗಳ ಐದು ಪ್ರಶ್ನೆಗಳಲ್ಲಿ ಹಂಚಿಹೋಗಿರುತ್ತವೆ. ಅಂದರೆ ಅರ್ಧದಷ್ಟು ಅಂಕಗಳು ಒಂದೇ ಪ್ರಶ್ನೆಯಲ್ಲಿವೆ.

ದಿನವೂ ದೇವರ ಮನೆಯಲ್ಲಿ ದೀಪ ಹಚ್ಚುವುದನ್ನು ನೋಡಿ ಬೆಳೆದ ಮಗುವಿಗೆ ಹಿಂದೂ ಧರ್ಮದ ಭಾಗ ಸುಲಭವೆನಿಸುತ್ತದೆ. ಆದರೆ ‘ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ’ ಎಂಬ ವಾಕ್ಯ ಅಲ್ಲಿಗೇ ನಿಂತರೆ ಅದಕ್ಕೆ ಹೆಚ್ಚು ಅಂಕ ಬರುವುದಿಲ್ಲ. ಆ ಆಚರಣೆಯ ಹಿಂದಿರುವ ನಂಬಿಕೆ ಯಾವುದು, ಅದಕ್ಕೆ ಆಧಾರವೇನು, ಅದನ್ನು ಬೇರೆಯಾಗಿ ಕಾಣುವವರು ಯಾರು ಎಂಬುದನ್ನೂ ಉತ್ತರ ಹೇಳಬೇಕು. ಐದು ಅಂಕಗಳ ಪ್ರಶ್ನೆಯಲ್ಲಿ ಎರಡು ಬೋಧನೆಗಳನ್ನು ವಿವರಿಸಿ, ಗ್ರಂಥವೊಂದನ್ನು ಅಥವಾ ಬೇರೊಂದು ಮೂಲವನ್ನು ಉಲ್ಲೇಖಿಸಬೇಕಾಗುತ್ತದೆ. ಪ್ರಶ್ನೆ ಆತ್ಮವನ್ನು ಕುರಿತದ್ದಾದರೆ, ಹಳೆಯ ಬಟ್ಟೆಯನ್ನು ಬಿಟ್ಟು ಹೊಸದನ್ನು ತೊಡುವಂತೆ ಆತ್ಮವು ದೇಹವನ್ನು ಬದಲಿಸುತ್ತದೆ ಎಂಬ ಭಗವದ್ಗೀತೆಯ 2.22ನೆಯ ಶ್ಲೋಕ ಮೊದಲ ಅಂಶಕ್ಕೆ ಸಾಕು. ಎರಡನೆಯದಾಗಿ, ಆತ್ಮ ಬ್ರಹ್ಮ ಒಂದೇ ಎನ್ನುವ ಅದ್ವೈತವನ್ನೂ, ಜೀವ ಮತ್ತು ದೇವರು ಎಂದಿಗೂ ಬೇರೆ ಎಂದು ಸಾರಿದ ಉಡುಪಿಯ ಮಧ್ವಾಚಾರ್ಯರ ದ್ವೈತವನ್ನೂ ಎದುರುಬದುರಾಗಿ ಇಡಬಹುದು. ಇದು ಹಲವು ಕನ್ನಡ ಮಕ್ಕಳಿಗೆ ಅಜ್ಜ ಅಜ್ಜಿಯರಿಂದಲೇ ದೊರೆಯಬಹುದಾದ ತಿಳಿವಳಿಕೆ. ಅದನ್ನು ಕೇಳಿ ತಿಳಿದುಕೊಳ್ಳುವುದೂ ಓದಿನ ಭಾಗವೇ.

ಹನ್ನೆರಡು ಅಂಕಗಳ ಪ್ರಶ್ನೆಯಲ್ಲಿ ಒಂದು ಹೇಳಿಕೆಯನ್ನು ಕೊಟ್ಟು ಅದನ್ನು ಪರಿಶೀಲಿಸಲು ಹೇಳುತ್ತಾರೆ. ‘ಹಿಂದೂಗಳಿಗೆ ಮಂದಿರದ ಪೂಜೆಗಿಂತ ಮನೆಯ ಪೂಜೆಯೇ ಮುಖ್ಯ’ ಎಂಬಂತಹ ಹೇಳಿಕೆಯನ್ನು ತೆಗೆದುಕೊಳ್ಳೋಣ. ಎಲೆ, ಹೂವು, ಹಣ್ಣು, ನೀರು, ಯಾವುದನ್ನೇ ಆಗಲಿ ಭಕ್ತಿಯಿಂದ ಕೊಟ್ಟರೆ ಸ್ವೀಕರಿಸುತ್ತೇನೆ ಎಂಬ ಗೀತೆಯ 9.26ನೆಯ ಶ್ಲೋಕವು ಮನೆಯ ಪೂಜೆಯ ಪರ ನಿಲ್ಲುತ್ತದೆ. ಪ್ರತಿಷ್ಠಾಪಿತ ಮೂರ್ತಿಯ ದರ್ಶನ, ಅರ್ಚಕರ ವಿಧಿ, ಹಬ್ಬಗಳ ಸಮೂಹ ಪೂಜೆ ಮಂದಿರದ ಪರ ನಿಲ್ಲುತ್ತವೆ. 1995ರಲ್ಲಿ ತೆರೆದ ಲಂಡನ್ನಿನ ನೀಸ್ಡನ್ ಮಂದಿರದಂತಹ ಸ್ಥಳಗಳು ಬ್ರಿಟನ್ನಿನ ಹಿಂದೂಗಳಿಗೆ ಸಮುದಾಯದ ನೆಲೆಯೂ ಆಗಿವೆ ಎಂಬುದನ್ನು ಇಲ್ಲಿ ಸೇರಿಸಬಹುದು. ಒಂದೇ ಪಕ್ಷವನ್ನು ಎಷ್ಟೇ ಚೆನ್ನಾಗಿ ವಾದಿಸಿದರೂ ಮೇಲಿನ ಹಂತದ ಅಂಕಗಳು ದೊರೆಯುವುದಿಲ್ಲ. ಕೊನೆಯ ಪ್ಯಾರಾದಲ್ಲಿ ಯಾವ ವಾದ ಹೆಚ್ಚು ಬಲವಾದದ್ದು, ಏಕೆ ಎಂಬುದನ್ನು ತೂಗಿ ಹೇಳಬೇಕೇ ಹೊರತು ಮೇಲಿನ ಮಾತುಗಳನ್ನೇ ಮರಳಿ ಬರೆಯಬಾರದು.

ಎರಡನೆಯ ಪತ್ರಿಕೆಯಲ್ಲಿ ಕೆಲವು ನಾಲ್ಕು ಅಂಕಗಳ ಪ್ರಶ್ನೆಗಳು ಇಂದಿನ ಬ್ರಿಟಿಷ್ ಸಮಾಜದಲ್ಲಿರುವ ಭಿನ್ನ ನಂಬಿಕೆಗಳನ್ನು ಕೇಳುತ್ತವೆ ಮತ್ತು ಬ್ರಿಟನ್ನಿನ ಮುಖ್ಯ ಧಾರ್ಮಿಕ ಪರಂಪರೆಯಾದ ಕ್ರೈಸ್ತ ಧರ್ಮವನ್ನು ಉಲ್ಲೇಖಿಸಲೇಬೇಕು ಎನ್ನುತ್ತವೆ. ಆದ್ದರಿಂದ ಪರಿಚಯವಿಲ್ಲದ ಧರ್ಮಕ್ಕೇ ಹೆಚ್ಚು ಸಮಯ ಕೊಡಬೇಕು. ಒಂದು ಆಧಾರವನ್ನು ಹಲವು ಕಡೆ ಬಳಸಲು ಬರುವಂತೆ ಕಲಿಯುವುದು ಜಾಣತನ. ಬೈಬಲಿನ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿರುವ, ಗಾಯಗೊಂಡು ಬಿದ್ದ ಅಪರಿಚಿತನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಕಥೆ ಬಡತನ, ಪೂರ್ವಗ್ರಹ, ನೆರೆಹೊರೆಯ ಪ್ರೀತಿ ಮೂರಕ್ಕೂ ಒದಗುತ್ತದೆ. ಶತ್ರುಗಳನ್ನು ಪ್ರೀತಿಸಿರಿ ಎಂಬ ಮತ್ತಾಯನ ಸುವಾರ್ತೆಯ 5.44 ಶಾಂತಿಗೂ ಕ್ಷಮೆಗೂ ಸಲ್ಲುತ್ತದೆ.

ಟಿಪ್ಪಣಿಗಳನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆದು, ಬಳಿಕ ತಪ್ಪು ನೋಡಿಕೊಂಡು, ಕೆಲವು ದಿನ ಬಿಟ್ಟು ಮತ್ತೆ ಬರೆಯುವುದು ಹೆಚ್ಚು ಫಲಕಾರಿ. ಮಂಡಳಿಯ ಹಿಂದಿನ ಪ್ರಶ್ನೆಪತ್ರಿಕೆಗಳನ್ನೂ ಅಂಕ ನೀಡುವ ಸೂಚಿಗಳನ್ನೂ ಜೊತೆಗಿಟ್ಟುಕೊಂಡೇ ಅಭ್ಯಾಸ ಮಾಡಿಸಿ. ಪಾಲಕರು ರಾತ್ರಿ ಊಟದ ಹೊತ್ತಿನಲ್ಲಿ ಮಗುವಿನ ಅಭಿಪ್ರಾಯಕ್ಕೆ ಬೇಕೆಂದೇ ಎದುರು ಪಕ್ಷ ಹಿಡಿದು ವಾದಿಸಿದರೆ ಹನ್ನೆರಡು ಅಂಕಗಳ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಮಗು ಕ್ರೈಸ್ತರ ಅಥವಾ ಮುಸ್ಲಿಮರ ನಿಲುವನ್ನು ಅವರು ಒಪ್ಪುವಂತೆ ಹೇಳಬಲ್ಲುದೇ ಎಂಬುದನ್ನೂ ಆಗ ಗಮನಿಸಿ.

ಪರೀಕ್ಷೆಯ ದಿನ ಅಂಕಕ್ಕೊಂದು ನಿಮಿಷ ಎಂಬ ಲೆಕ್ಕವಿರಲಿ. 96 ಅಂಕಗಳಿಗೆ 105 ನಿಮಿಷಗಳಿರುವುದರಿಂದ ಒಂಬತ್ತು ನಿಮಿಷ ಉಳಿಯುತ್ತದೆ. ಹನ್ನೆರಡು ಅಂಕಗಳ ಉತ್ತರಗಳಲ್ಲಿ ಕಾಗುಣಿತ ಮತ್ತು ವ್ಯಾಕರಣಕ್ಕೂ ಪ್ರತ್ಯೇಕ ಅಂಕಗಳಿರುವುದರಿಂದ, ಆ ಸಮಯವನ್ನು ಅವುಗಳನ್ನು ಮರಳಿ ಓದಲು ಬಳಸಬೇಕು.