ಫ್ಯಾಂಟಸಿ ಬೇಸ್‌ಬಾಲ್ ಡ್ರಾಫ್ಟ್: ತಯಾರಿ ಹೇಗೆ, ಆಯ್ಕೆ ಹೇಗೆ?

ಮಾರ್ಚ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ಫ್ಯಾಂಟಸಿ ಬೇಸ್‌ಬಾಲ್ ಮಾತು ಶುರುವಾಗುತ್ತದೆ. ನಿಜವಾದ ಆಟಗಾರರನ್ನು ಆರಿಸಿ ಕಾಲ್ಪನಿಕ ತಂಡ ಕಟ್ಟಿ, ಅವರು ಮೈದಾನದಲ್ಲಿ ಗಳಿಸುವ ಅಂಕಿಗಳ ಮೇಲೆ ಪೈಪೋಟಿ ನಡೆಸುವ ಆಟ ಇದು. ‘ನಮ್ಮ ಲೀಗ್‌ಗೆ ಒಬ್ಬರು ಕಮ್ಮಿ ಇದ್ದಾರೆ, ಬರ್ತೀರಾ?’ ಎಂಬ ಕರೆ ಅಲ್ಲಿರುವ ಕನ್ನಡಿಗರಿಗೂ ಬರುತ್ತದೆ. ಹೂಂ ಅಂದುಬಿಡಿ. ಕ್ರಿಕೆಟ್ ನೋಡಿ ಬೆಳೆದವರಿಗೆ ಬೇಸ್‌ಬಾಲ್ ಲೆಕ್ಕ ತಲೆಗೆ ಹತ್ತಲು ಜಾಸ್ತಿ ದಿನ ಬೇಕಾಗುವುದಿಲ್ಲ. ಆದರೆ ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್‌ಗೆ ಮಾತ್ರ ತಯಾರಿ ಇಲ್ಲದೆ ಕೂರಬೇಡಿ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಮೇಜರ್ ಲೀಗ್‌ನ (ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್) ಒಂದೊಂದು ತಂಡ 162 ಪಂದ್ಯ ಆಡುತ್ತದೆ. ಅಷ್ಟು ತಿಂಗಳು ನೀವು ನಂಬಿಕೊಳ್ಳುವ ಆಟಗಾರರನ್ನು ಆರಿಸುವುದು ಆ ಎರಡು ಮೂರು ಗಂಟೆಯಲ್ಲಿ.

ನಮ್ಮಲ್ಲಿ ಫ್ಯಾಂಟಸಿ ಕ್ರಿಕೆಟ್ ಆಡಿದವರು ಮೊದಲಿಗೆ ಒಂದು ವ್ಯತ್ಯಾಸ ತಿಳಿದುಕೊಳ್ಳಬೇಕು. ಅಲ್ಲಿ ಪಂದ್ಯಕ್ಕೊಂದು ಹೊಸ ತಂಡ. ಕೊಹ್ಲಿ ನಿಮ್ಮ ತಂಡದಲ್ಲೂ ಇರಬಹುದು, ನನ್ನ ತಂಡದಲ್ಲೂ ಇರಬಹುದು. ಇಲ್ಲಿ ಹಾಗಿಲ್ಲ. ಲೀಗ್‌ನಲ್ಲಿ 12 ಜನ ಇದ್ದರೆ, ಬ್ಯಾಟಿಂಗನ್ನೂ ಮಾಡಿ ಚೆಂಡನ್ನೂ ಎಸೆಯುವ ತಾರೆ ಶೋಹೆ ಒಟಾನಿ ಸಿಗುವುದು ಒಬ್ಬರಿಗೆ ಮಾತ್ರ. ನೀವು ಬಿಟ್ಟವನನ್ನು ಪಕ್ಕದವರು ಎತ್ತಿಕೊಳ್ಳುತ್ತಾರೆ. ಹಾಗಾಗಿ ‘ಯಾರು ಚೆನ್ನಾಗಿ ಆಡುತ್ತಾರೆ’ ಅನ್ನುವಷ್ಟೇ ಮುಖ್ಯ, ‘ಇವನು ಹೋದರೆ ಇವನಂಥವರು ಇನ್ನೆಷ್ಟು ಜನ ಉಳಿಯುತ್ತಾರೆ’ ಅನ್ನುವ ಲೆಕ್ಕ. ಡ್ರಾಫ್ಟ್‌ನಲ್ಲಿ ಗೆಲ್ಲುವವರು ಈ ಲೆಕ್ಕ ಬಿಡದವರು.

ಮೊದಲು ನಿಯಮ ಓದಿ

ಈ ಆಟ ಶುರುವಾಗಿದ್ದು 1980ರಲ್ಲಿ. ಪತ್ರಕರ್ತ ಡೇನಿಯಲ್ ಓಕ್ರೆಂಟ್ ಇದರ ನಿಯಮಗಳನ್ನು ರೂಪಿಸಿದರು. ಅವರು ಗೆಳೆಯರ ಜೊತೆ ಸೇರುತ್ತಿದ್ದ ನ್ಯೂಯಾರ್ಕ್‌ನ ‘ಲಾ ರೋಟಿಸ್ಸರಿ ಫ್ರಾನ್ಸೇಸ್’ ಎಂಬ ಹೋಟೆಲಿನ ಹೆಸರೇ ಆಟಕ್ಕೂ ಬಂತು. ಈಗ ಎಲ್ಲರ ಬಾಯಲ್ಲಿ ಅದು ‘ರೋಟೊ’.

ರೋಟೊ ಲೀಗ್‌ನಲ್ಲಿ ಸಾಮಾನ್ಯವಾಗಿ ಹತ್ತು ವಿಭಾಗ ಇರುತ್ತವೆ. ಬ್ಯಾಟಿಂಗ್‌ನಲ್ಲಿ ರನ್, ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥದ್ದು), ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಕದ್ದ ಬೇಸ್ (ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿ ಸೇರುವುದು) ಮತ್ತು ಸರಾಸರಿ. ಪಿಚಿಂಗ್‌ನಲ್ಲಿ, ಅಂದರೆ ಚೆಂಡು ಎಸೆಯುವುದರಲ್ಲಿ, ಗೆಲುವು, ಸೇವ್ (ಸಣ್ಣ ಮುನ್ನಡೆ ಕಾಯ್ದು ಪಂದ್ಯ ಮುಗಿಸಿದ್ದು), ಸ್ಟ್ರೈಕ್‌ಔಟ್ (ಬ್ಯಾಟರ್‌ನನ್ನು ಮೂರು ಸ್ಟ್ರೈಕ್‌ಗೆ ಔಟ್ ಮಾಡಿದ್ದು), ಇಆರ್‌ಎ (ರನ್ ಕೊಟ್ಟ ಸರಾಸರಿ) ಮತ್ತು ವಿಪ್ (ಹಿಟ್, ವಾಕ್‌ಗಳಿಂದ ಇನಿಂಗ್ಸ್‌ಗೆ ಸರಾಸರಿ ಎಷ್ಟು ಜನರನ್ನು ಬೇಸ್‌ಗೆ ಬಿಟ್ಟ ಎಂಬುದು). 12 ತಂಡಗಳಿದ್ದರೆ ಒಂದು ವಿಭಾಗದಲ್ಲಿ ಮೊದಲು ಬಂದವರಿಗೆ 12 ಪಾಯಿಂಟ್, ಕೊನೆಯವರಿಗೆ 1. ಇದಲ್ಲದೆ ವಾರಕ್ಕೊಬ್ಬರ ಎದುರು ಆಡುವ ಹೆಡ್-ಟು-ಹೆಡ್ ಲೀಗ್‌ಗಳಿವೆ. ಪ್ರತಿ ಹಿಟ್‌ಗೆ, ಪ್ರತಿ ಔಟ್‌ಗೆ ಇಷ್ಟು ಅಂತ ಪಾಯಿಂಟ್ ಕೊಡುವ ಲೀಗ್‌ಗಳೂ ಇವೆ. ಒಂದರಲ್ಲಿ ಚಿನ್ನದಂಥ ಆಟಗಾರ ಇನ್ನೊಂದರಲ್ಲಿ ಸಾಧಾರಣ ಆಗಬಹುದು. ಬೇಸ್ ಕದಿಯುವುದನ್ನೇ ನಂಬಿದ ಆಟಗಾರನಿಗೆ ರೋಟೊದಲ್ಲಿ ಬೆಲೆ ಜಾಸ್ತಿ, ಪಾಯಿಂಟ್ ಲೀಗ್‌ನಲ್ಲಿ ಕಡಿಮೆ.

ಕ್ಯಾಚರ್ (ವಿಕೆಟ್ ಕೀಪರ್‌ನಂಥವನು) ಒಬ್ಬನೋ ಇಬ್ಬರೋ, ವಾರಕ್ಕೆ ಎಷ್ಟು ಬದಲಾವಣೆ ಮಾಡಬಹುದು, ಗಾಯಾಳುಗಳಿಗೆ ಎಷ್ಟು ಜಾಗ ಇದೆ, ಇವನ್ನೆಲ್ಲ ಬರೆದಿಟ್ಟುಕೊಳ್ಳಿ. ಒಟಾನಿ ಬಗ್ಗೆಯಂತೂ ಕೇಳಲೇಬೇಕು. ಕೆಲವು ಕಡೆ ಅವರು ಒಬ್ಬನೇ ಆಟಗಾರ, ಇನ್ನು ಕೆಲವು ಕಡೆ ಬ್ಯಾಟರ್ ಒಟಾನಿ ಬೇರೆ, ಪಿಚರ್ ಒಟಾನಿ ಬೇರೆ.

ಗುರಿ ಅಂಕಿ ಹಾಕಿಕೊಳ್ಳಿ

ಮುಂದಿನದೆಲ್ಲ ರೋಟೊ ಲೀಗ್ ಇಟ್ಟುಕೊಂಡೇ ಹೇಳುತ್ತೇನೆ. ಹತ್ತೂ ವಿಭಾಗಗಳಲ್ಲಿ ನಿಮಗೆ ಮೂರನೇ ಸ್ಥಾನ ಬಂತು ಅಂದುಕೊಳ್ಳಿ. ಒಂದಕ್ಕೆ 10ರಂತೆ ಒಟ್ಟು 100 ಪಾಯಿಂಟ್. ಅಷ್ಟು ಬಂದರೆ ಬಹುತೇಕ ಲೀಗ್ ನಿಮ್ಮದೇ. ಅದರ ಬದಲು ಐದರಲ್ಲಿ ಮೊದಲ ಸ್ಥಾನ, ಐದರಲ್ಲಿ ಕೊನೆಯ ಸ್ಥಾನ ಬಂದರೆ? ಬರೀ 65. ಹೋಮ್ ರನ್‌ನಲ್ಲಿ ಎರಡನೆಯವರಿಗಿಂತ ಐವತ್ತು ಜಾಸ್ತಿ ಹೊಡೆದರೂ ಸಿಗುವುದು ಅದೇ 12 ಪಾಯಿಂಟ್. ಹೆಚ್ಚಾಗಿದ್ದೆಲ್ಲ ವ್ಯರ್ಥ.

ಹಾಗಾಗಿ ಲೀಗ್‌ನ ಕಳೆದ ವರ್ಷದ ಪಟ್ಟಿ ತೆಗೆದು ನೋಡಿ. ಪ್ರತಿ ವಿಭಾಗದಲ್ಲಿ ಮೂರನೇ ಸ್ಥಾನ ಬಂದವರು ಎಷ್ಟು ಮಾಡಿದ್ದರು ಅಂತ ಬರೆದುಕೊಳ್ಳಿ. ಅದೇ ನಿಮ್ಮ ಗುರಿ. ಹೋಮ್ ರನ್ ಗುರಿ 280 ಇದ್ದು, ತಂಡದಲ್ಲಿ 14 ಬ್ಯಾಟರ್‌ಗಳಿದ್ದರೆ ಒಬ್ಬೊಬ್ಬರಿಗೆ 20. ನೀವು 8 ಹೋಮ್ ರನ್ ಹೊಡೆಯುವವನನ್ನು ತೆಗೆದುಕೊಂಡರೆ ಉಳಿದ 12ನ್ನು ಯಾರೋ ತುಂಬಿಕೊಡಬೇಕು. ಆ ಯಾರೋ ಯಾರು ಅನ್ನುವುದು ಆಗಲೇ ನಿಮಗೆ ಗೊತ್ತಿರಬೇಕು.

ಪಟ್ಟಿಯನ್ನು ಗುಂಪುಗಳಾಗಿ ಒಡೆಯಿರಿ

ಯಾಹೂ, ಇಎಸ್‌ಪಿಎನ್‌ನಂಥ ತಾಣಗಳು 1ರಿಂದ 300ರವರೆಗೆ ಸಾಲಾಗಿ ಆಟಗಾರರ ಪಟ್ಟಿ ಕೊಡುತ್ತವೆ. ಅದನ್ನು ಸುಮ್ನೆ ಮೇಲಿನಿಂದ ಕೆಳಗೆ ಓದಿಕೊಂಡು ಹೋದರೆ ಮೋಸ ಹೋಗುತ್ತೀರಿ. 41ನೆಯವನಿಗೂ 44ನೆಯವನಿಗೂ ನಿಜವಾದ ವ್ಯತ್ಯಾಸವೇ ಇರದಿರಬಹುದು. 44ನೆಯವನಿಗೂ 45ನೆಯವನಿಗೂ ದೊಡ್ಡ ಕಂದಕವೇ ಇರಬಹುದು. ಸಾಲು ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಫ್ಯಾನ್‌ಗ್ರಾಫ್ಸ್ ತಾಣದಲ್ಲಿ ಸ್ಟೀಮರ್, ಜಿಪ್ಸ್ ಎಂಬ ಮುನ್ನಂದಾಜುಗಳು ಸಿಗುತ್ತವೆ. ಮುಂದಿನ ಸೀಸನ್‌ನಲ್ಲಿ ಯಾರು ಎಷ್ಟು ಮಾಡಬಹುದು ಎಂಬ ಅಂಕಿಗಳು ಅವು. ಅವನ್ನು ಮುಂದಿಟ್ಟುಕೊಂಡು ಒಂದೊಂದು ಸ್ಥಾನಕ್ಕೂ ಗುಂಪು ಮಾಡಿ. ಶಾರ್ಟ್‌ಸ್ಟಾಪ್‌ಗಳಲ್ಲಿ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್‌ಗಳು) ಮೊದಲ ಗುಂಪಿನವರು ನಾಲ್ವರು, ಎರಡನೇ ಗುಂಪಿನವರು ಆರು ಜನ, ಹೀಗೆ. ಪ್ರತಿ ಹೆಸರಿನ ಪಕ್ಕ ಎಡಿಪಿ ಬರೆಯಿರಿ. ಅಂದರೆ ಆ ಆಟಗಾರ ಸರಾಸರಿ ಎಷ್ಟನೇ ಆಯ್ಕೆಯಲ್ಲಿ ಹೋಗುತ್ತಿದ್ದಾನೆ ಎಂಬ ಸಂಖ್ಯೆ. ನಿಮಗೆ ತುಂಬಾ ಇಷ್ಟವಾದವನ ಎಡಿಪಿ 120 ಇದ್ದರೆ 60ಕ್ಕೇ ಎತ್ತುವ ಅಗತ್ಯವಿಲ್ಲ ಅಲ್ವಾ?

ನಿಮ್ಮ ಸರದಿಯ ಲೆಕ್ಕ

ಹೆಚ್ಚಿನ ಲೀಗ್‌ಗಳಲ್ಲಿ ಸ್ನೇಕ್ ಡ್ರಾಫ್ಟ್ ಇರುತ್ತದೆ. ಮೊದಲ ಸುತ್ತು 1ರಿಂದ 12ಕ್ಕೆ, ಎರಡನೆಯದು 12ರಿಂದ 1ಕ್ಕೆ. ನಿಮ್ಮ ಜಾಗ 9 ಅಂದುಕೊಳ್ಳೋಣ. ನಿಮ್ಮ ಆಯ್ಕೆಗಳು 9, 16, 33, 40, 57, 64, ಹೀಗೆ ಬರುತ್ತವೆ. ಇವನ್ನು ಮೊದಲೇ ಬರೆದಿಡಿ.

ಈಗ 33ನೇ ಆಯ್ಕೆ ನಿಮ್ಮದು. ನಿಮಗೆ ಒಬ್ಬ ಒಳ್ಳೆಯ ಕ್ಲೋಸರ್ (ಪಂದ್ಯದ ಕೊನೆಯಲ್ಲಿ ಬಂದು ಎಸೆಯುವ ಪಿಚರ್) ಬೇಕು, ಒಬ್ಬ ಮೂರನೇ ಬೇಸ್‌ನವನೂ ಬೇಕು. ಮತ್ತೆ ನಿಮ್ಮ ಸರದಿ 40ಕ್ಕೆ. ನಡುವೆ ಆರು ಆಯ್ಕೆ. ಆದರೆ ಆ ಆರನ್ನು ಮಾಡುವವರು ಮೂರೇ ಜನ: 10, 11, 12ನೇ ಜಾಗದವರು, ತಲಾ ಎರಡು ಸಲ. ಅವರ ತಂಡಗಳನ್ನು ತೆರೆದು ನೋಡಿ. ಮೂವರಲ್ಲಿ ಇಬ್ಬರ ಹತ್ತಿರ ಆಗಲೇ ಮೂರನೇ ಬೇಸ್‌ನವರು ಇದ್ದು, ಯಾರ ಹತ್ತಿರವೂ ಕ್ಲೋಸರ್ ಇಲ್ಲದಿದ್ದರೆ, ಈಗ ಕ್ಲೋಸರ್ ತೆಗೆದುಕೊಳ್ಳಿ. ಮೂರನೇ ಬೇಸ್‌ನವನು ಬಹುತೇಕ 40ರವರೆಗೂ ಉಳಿಯುತ್ತಾನೆ.

40 ಆದಮೇಲೆ ನಿಮ್ಮ ಸರದಿ 57ಕ್ಕೆ. ನಡುವೆ 16 ಜನ ಹೋಗುತ್ತಾರೆ. ಅಲ್ಲಿ ಇಂಥ ಅಂದಾಜು ನಡೆಯುವುದಿಲ್ಲ. ಯಾವ ಗುಂಪಿನಲ್ಲಿ ಒಬ್ಬನೋ ಇಬ್ಬರೋ ಉಳಿದಿದ್ದಾರೋ ಆ ಗುಂಪಿನಿಂದ ಎತ್ತಿ. ಐದಾರು ಜನ ಉಳಿದಿರುವ ಗುಂಪು ಕಾಯಬಹುದು. ನನ್ನ ಮಟ್ಟಿಗೆ ಇಡೀ ಡ್ರಾಫ್ಟ್‌ನಲ್ಲಿ ಇಷ್ಟು ಲಾಭ ಕೊಡುವ ಅಭ್ಯಾಸ ಬೇರೊಂದಿಲ್ಲ.

ಬೇಸ್ ಕದಿಯುವವರ ಬೆಲೆ ಬದಲಾಗಿದೆ

ಹಳೆಯ ಲೇಖನಗಳನ್ನು ಓದಿ ತಯಾರಾಗುವವರು ಇಲ್ಲಿ ಎಡವುತ್ತಾರೆ. 2023ರಲ್ಲಿ ಮೇಜರ್ ಲೀಗ್ ನಿಯಮ ಬದಲಾಯಿತು. ಬೇಸ್‌ನ ಅಗಲ 15 ಇಂಚಿನಿಂದ 18 ಇಂಚಿಗೆ ಏರಿತು. ಪಿಚರ್ ಚೆಂಡು ಎಸೆಯಲು ಸಮಯದ ಮಿತಿ ಬಂತು. ಓಟಗಾರನನ್ನು ಹೆದರಿಸಲು ಪಿಚರ್ ಪದೇ ಪದೇ ಬೇಸ್‌ಗೆ ಎಸೆಯುವುದಕ್ಕೂ ಮಿತಿ ಬಿತ್ತು. 2022ರಲ್ಲಿ ಒಟ್ಟು 2,486 ಬೇಸ್ ಕದ್ದಿದ್ದರೆ 2023ರಲ್ಲಿ 3,503. ಅದೇ ವರ್ಷ ಅಟ್ಲಾಂಟಾದ ರೊನಾಲ್ಡ್ ಅಕುನ್ಯ ಜೂನಿಯರ್ 41 ಹೋಮ್ ರನ್ ಹೊಡೆದು 73 ಬೇಸ್ ಕದ್ದರು. ಮರುವರ್ಷ ಒಟಾನಿ 54 ಹೋಮ್ ರನ್, 59 ಬೇಸ್.

ಇದರಿಂದ ನಿಮಗೇನು? ಮೊದಲು 25 ಬೇಸ್ ಕದಿಯುವವನು ಅಪರೂಪ ಆಗಿದ್ದ. ಈಗ ಅಂಥವರು ಜಾಸ್ತಿ. ಬೇಸ್ ಕದಿಯುವುದು ಬಿಟ್ಟರೆ ಬೇರೇನೂ ಮಾಡದವನಿಗೆ ಬೇಗ ಆಯ್ಕೆ ಖರ್ಚು ಮಾಡಬೇಡಿ. ಹೋಮ್ ರನ್ ಜೊತೆಗೆ ಒಂದಿಷ್ಟು ಬೇಸ್ ಕೊಡುವ ಐದಾರು ಜನ ಇದ್ದರೆ ಗುರಿ ತಾನಾಗಿ ಮುಟ್ಟುತ್ತದೆ.

ಪಿಚರ್‌ಗಳು: ಎಷ್ಟು ಬೇಗ?

ಪಿಚರ್‌ಗಳ ಮೊಣಕೈ, ಭುಜ ಯಾವಾಗ ಕೈಕೊಡುತ್ತವೆ ಅಂತ ಹೇಳಲಾಗದು. ಸ್ಪೆನ್ಸರ್ ಸ್ಟ್ರೈಡರ್ 2023ರಲ್ಲಿ 281 ಸ್ಟ್ರೈಕ್‌ಔಟ್ ಮಾಡಿದ್ದರು. 2024ರ ಡ್ರಾಫ್ಟ್‌ಗಳಲ್ಲಿ ಪಿಚರ್‌ಗಳ ಪೈಕಿ ಅವರದು ಮುಂಚೂಣಿಯ ಹೆಸರು. ಎರಡೇ ಪಂದ್ಯಕ್ಕೆ ಅವರ ಸೀಸನ್ ಮುಗಿಯಿತು. ಬ್ಯಾಟರ್‌ಗಳಿಗೂ ಗಾಯ ಆಗುತ್ತದೆ, ಅದೇ ವರ್ಷ ಅಕುನ್ಯ ಮೊಣಕಾಲು ನೋವಿನಿಂದ 49 ಪಂದ್ಯಕ್ಕೇ ನಿಂತರು. ಆದರೂ ಪಿಚರ್‌ಗಳ ಅಪಾಯ ಹೆಚ್ಚು. ಮೊದಲ ನಾಲ್ಕು ಸುತ್ತಿನಲ್ಲಿ ಒಬ್ಬ ಒಳ್ಳೆಯ ಸ್ಟಾರ್ಟರ್ (ಪಂದ್ಯದ ಆರಂಭದಿಂದ ಎಸೆಯುವ ಪಿಚರ್) ಸಾಕು ಅನ್ನುವುದು ನನ್ನ ನಿಲುವು. ಇಬ್ಬರು ಬೇಡ.

ಇಆರ್‌ಎ ಲೆಕ್ಕ ಹಾಕುವಾಗ ಎಚ್ಚರ. ಒಂಬತ್ತು ಇನಿಂಗ್ಸ್‌ಗೆ ಎಷ್ಟು ರನ್ ಕೊಟ್ಟ ಎಂಬುದು ಇಆರ್‌ಎ. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಇದರಲ್ಲಿ ಸೇರುವುದಿಲ್ಲ. 180 ಇನಿಂಗ್ಸ್ ಎಸೆಯುವ ಸ್ಟಾರ್ಟರ್‌ನ ಇಆರ್‌ಎ 4.50 ಅಂದರೆ 90 ರನ್. 60 ಇನಿಂಗ್ಸ್ ಎಸೆಯುವ ಕ್ಲೋಸರ್‌ನದು 2.25 ಅಂದರೆ 15 ರನ್. ಇಬ್ಬರನ್ನೂ ಕೂಡಿಸಿದರೆ 240 ಇನಿಂಗ್ಸ್‌ಗೆ 105 ರನ್, ಇಆರ್‌ಎ 3.94. ಎರಡೂ ಸಂಖ್ಯೆ ಕೂಡಿ ಅರ್ಧ ಮಾಡಿದರೆ ಬರುವ 3.38 ಅಲ್ಲ. ಜಾಸ್ತಿ ಇನಿಂಗ್ಸ್ ಎಸೆಯುವ ಸಾಧಾರಣ ಪಿಚರ್ ಒಬ್ಬನೇ ಇಡೀ ತಂಡದ ಅಂಕಿ ಎಳೆದುಬಿಡುತ್ತಾನೆ. ಬ್ಯಾಟಿಂಗ್ ಸರಾಸರಿಗೂ ಇದೇ ಮಾತು.

ಸೇವ್ ಸಿಗುವುದು ಸಣ್ಣ ಮುನ್ನಡೆಯನ್ನು ಕಾಯ್ದು ಪಂದ್ಯ ಮುಗಿಸುವ ಕ್ಲೋಸರ್‌ಗೆ. ಮೇಜರ್ ಲೀಗ್‌ನಲ್ಲಿ 30 ತಂಡಗಳಿದ್ದರೂ ಖಚಿತವಾಗಿ ಆ ಕೆಲಸ ಸಿಕ್ಕವರು ಕಡಿಮೆ. ಒಬ್ಬ ಭದ್ರ ಕ್ಲೋಸರ್‌ನನ್ನು ಬೇಗ ಹಿಡಿಯಿರಿ, ಎರಡನೆಯವನನ್ನು ಕೊನೆಯ ಸುತ್ತುಗಳಲ್ಲಿ ಹುಡುಕಿ.

ಹರಾಜು ಇದ್ದರೆ

ಐಪಿಎಲ್ ಹರಾಜು ನೋಡಿದವರಿಗೆ ಇದು ಹೊಸದಲ್ಲ. 23 ಜಾಗ, 260 ಡಾಲರ್ ಕಾಲ್ಪನಿಕ ಪರ್ಸ್ ಎಂಬುದು ಇಲ್ಲಿನ ಹಳೆಯ ಲೆಕ್ಕ. ಪ್ರತಿ ಜಾಗಕ್ಕೂ ಕನಿಷ್ಠ ಒಂದು ಡಾಲರ್ ಉಳಿಸಿಕೊಳ್ಳಬೇಕು. ಸುಮಾರು 180 ಡಾಲರ್ ಬ್ಯಾಟರ್‌ಗಳಿಗೆ, 80 ಡಾಲರ್ ಪಿಚರ್‌ಗಳಿಗೆ ಇಡುವುದು ವಾಡಿಕೆ. ಹೆಸರು ಕೂಗುವ ಸರದಿ ನಿಮ್ಮದಾದಾಗ, ನಿಮಗೆ ಬೇಡದ ದುಬಾರಿ ಆಟಗಾರನನ್ನೇ ಮೊದಲು ಕೂಗಿ. ಬೇರೆಯವರ ಪರ್ಸ್ ಕರಗಲಿ.

ಡ್ರಾಫ್ಟ್ ದಿನ

ಅದಕ್ಕೂ ಮುಂಚೆ ಎರಡು ಮೂರು ಮಾಕ್ (ಅಭ್ಯಾಸದ) ಡ್ರಾಫ್ಟ್ ಮಾಡಿ, ಉಚಿತವಾಗಿ ಸಿಗುತ್ತವೆ. ನಿಜವಾದ ಡ್ರಾಫ್ಟ್‌ನಲ್ಲಿ ಆಯ್ಕೆಗೆ ಒಂದೆರಡು ನಿಮಿಷ ಇದ್ದರೆ ಹೆಚ್ಚು. ಕ್ಯೂನಲ್ಲಿ ಸದಾ ನಾಲ್ಕೈದು ಹೆಸರು ಇರಲಿ. ಇಂಟರ್ನೆಟ್ ಕೈಕೊಟ್ಟರೆ ತಾಣ ಅದರಿಂದಲೇ ಎತ್ತುತ್ತದೆ. ಅಂದು ಬೆಳಿಗ್ಗೆ ಫ್ಲಾರಿಡಾ, ಅರಿಜೋನಾದ ತರಬೇತಿ ಶಿಬಿರಗಳ ಗಾಯದ ಸುದ್ದಿ ನೋಡಿಕೊಳ್ಳಿ.

ಭಾರತದಿಂದ ಆಡುವವರಿಗೆ ಎರಡು ಮಾತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿದೆ. ಹಾಗಾಗಿ ಉಚಿತ ಲೀಗ್‌ಗಳಿಗೆ ಮಾತ್ರ ಸೇರಿ. ಇನ್ನು ಸಮಯ. ಮಾರ್ಚ್‌ನ ಎರಡನೇ ಭಾನುವಾರ ಅಮೆರಿಕದ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ನ್ಯೂಯಾರ್ಕ್ ಸಮಯ ಸಂಜೆ 7ರ ಡ್ರಾಫ್ಟ್ ಅದಕ್ಕೂ ಮೊದಲಾದರೆ ನಮಗೆ ಮರುದಿನ ಬೆಳಗಿನ ಜಾವ 5.30, ಆಮೇಲಾದರೆ 4.30.