ಬಾಡಿಗೆ ಆರ್‌ವಿಯಲ್ಲಿ ಊರು, ಕಾಡು ಸುತ್ತುವುದು ಹೇಗೆ?

ಆರ್‌ವಿ, ಅಂದರೆ ಒಳಗೇ ಹಾಸಿಗೆ, ಒಲೆ ಎಲ್ಲ ಇರುವ ಗಾಡಿ, ಬಾಡಿಗೆಗೆ ಹುಡುಕುವವರು ಮೊದಲು ನೋಡುವುದು ಎಷ್ಟು ಜನ ಮಲಗಬಹುದು ಅಂತ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಹೊರಟವರು ಇಬ್ಬರು, ತೆಗೆದುಕೊಂಡಿದ್ದು ಆರು ಜನರ ಗಾಡಿ. ಊರೊಳಗಿನ ಮೊದಲ ತಿರುವಿನಲ್ಲೇ ಬುದ್ಧಿ ಬಂತು. ಗಾಡಿಯ ಮೂತಿ ಸಲೀಸಾಗಿ ತಿರುಗಿತು, ಬಾಲ ಮಾತ್ರ ಪಕ್ಕದ ಕಂಬವನ್ನು ಸವರಿಕೊಂಡು ಬಂತು.

ಪುಟ್ಟ ಊರು ಮತ್ತು ಅದರ ಸುತ್ತಲಿನ ಕಾಡು ನೋಡುವ ಪ್ರವಾಸಕ್ಕೆ ಹಾಸಿಗೆಯ ಲೆಕ್ಕ ಆಮೇಲೆ. ಉದ್ದ, ಎತ್ತರ ಮೊದಲು. ಊರಿನ ಓಣಿಗೂ ಕಾಡಿನ ದಾರಿಗೂ ದೊಡ್ಡ ಗಾಡಿ ಕಂಡರೆ ಆಗುವುದಿಲ್ಲ.

ಯಾವ ಗಾಡಿ?

ಬಸ್ಸಿನಂಥ ದೊಡ್ಡದಕ್ಕೆ ಅಮೆರಿಕದಲ್ಲಿ ಕ್ಲಾಸ್ ಎ ಅಂತಾರೆ. ವ್ಯಾನಿನ ಒಳಗೇ ಮನೆ ಜೋಡಿಸಿದ್ದು ಕ್ಲಾಸ್ ಬಿ, ಅಂದರೆ ಕ್ಯಾಂಪರ್ ವ್ಯಾನ್. ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುವುದು ಕ್ಲಾಸ್ ಸಿ. ಇನ್ನು ಕಾರಿನ ಹಿಂದೆ ಎಳೆಯುವ ಕ್ಯಾರವಾನ್. ಅದನ್ನು ರಿವರ್ಸ್ ತೆಗೆಯುವುದೇ ಒಂದು ವಿದ್ಯೆ, ಸ್ಟಿಯರಿಂಗ್ ಈ ಕಡೆ ತಿರುಗಿಸಿದರೆ ಅದು ಆ ಕಡೆ ಹೋಗುತ್ತದೆ. ಹೊಸಬರು ಅದರ ತಂಟೆಗೆ ಹೋಗದಿರುವುದು ಒಳ್ಳೆಯದು.

ಇಬ್ಬರು ಅಥವಾ ಪುಟ್ಟ ಮಗುವಿರುವ ಸಂಸಾರವಾದರೆ ಆರು ಮೀಟರ್ ಆಸುಪಾಸಿನ ಕ್ಯಾಂಪರ್ ವ್ಯಾನ್ ಸಾಕು. ಒಳಗೆ ಇಕ್ಕಟ್ಟು, ನಿಜ. ಆದರೆ ಕಾಡಿಗೆ ಹೋಗುವುದು ಒಳಗೆ ಕೂರಲಿಕ್ಕಲ್ಲ ಅಲ್ವಾ?

ಬುಕ್ ಮಾಡುವ ಮುನ್ನ ನಿಮ್ಮ ಲೈಸೆನ್ಸ್ ಎಷ್ಟು ತೂಕದ ಗಾಡಿಗೆ ನಡೆಯುತ್ತದೆ ನೋಡಿಕೊಳ್ಳಿ. ಅನೇಕ ದೇಶಗಳಲ್ಲಿ ಕಾರಿನ ಲೈಸೆನ್ಸಿನ ಮಿತಿ 3,500 ಕೆ.ಜಿ. ಇದು ಖಾಲಿ ಗಾಡಿಯ ತೂಕವಲ್ಲ, ಜನ, ನೀರು, ಸಾಮಾನು ಎಲ್ಲ ಸೇರಿಸಿ ಆ ಗಾಡಿಗೆ ಗೊತ್ತುಮಾಡಿದ ಗರಿಷ್ಠ ತೂಕ. ನೀರು ಒಂದು ಲೀಟರಿಗೆ ಒಂದು ಕೆ.ಜಿ. ತೂಗುತ್ತದೆ ಅನ್ನುವುದನ್ನು ಮರೆಯಬೇಡಿ.

ಕರಾರಿನ ಸಣ್ಣ ಅಕ್ಷರ

ದಿನದ ಬಾಡಿಗೆ ಕಡಿಮೆ ಕಂಡರೆ ಉಳಿದ ಸಾಲುಗಳನ್ನೂ ಓದಿ. ದಿನಕ್ಕೆ ಎಷ್ಟು ಕಿಲೋಮೀಟರ್? ಜನರೇಟರ್ ಗಂಟೆಗೆ ಬೇರೆ ದುಡ್ಡಾ? ಟಾಯ್ಲೆಟ್, ಕೊಳೆ ನೀರಿನ ಟ್ಯಾಂಕ್ ಖಾಲಿ ಮಾಡದೆ ಮರಳಿಸಿದರೆ ಎಷ್ಟು ದಂಡ?

ವಿಮೆಯ ವಿಷಯದಲ್ಲಿ ಹುಷಾರು. ಚಾವಣಿ, ಗಾಡಿಯ ತಳ, ಟೈರು, ಗಾಜು, ಹೊರಗೆ ಬಿಚ್ಚುವ ನೆರಳಿನ ಪರದೆ ಇವು ಎಷ್ಟೋ ಸಲ ವಿಮೆಯ ಲೆಕ್ಕದಿಂದ ಹೊರಗಿರುತ್ತವೆ. ಕಾಡಿನಲ್ಲಿ ಕೊಂಬೆ ಬಡಿಯುವುದು ಚಾವಣಿಗೆ, ಕಲ್ಲು ತಾಗುವುದು ತಳಕ್ಕೆ! ಎಷ್ಟೋ ಕಂಪನಿಗಳು ಡಾಂಬರು ಬಿಟ್ಟು ಜಲ್ಲಿ ರಸ್ತೆಗೆ ಇಳಿಯುವುದನ್ನೇ ಒಪ್ಪುವುದಿಲ್ಲ. ನೀವು ಹೋಗಬೇಕೆಂದಿರುವ ಕಾಡಿನ ರಸ್ತೆ ಎಂಥದು ಅಂತ ಹೇಳಿ, ಹೋಗಬಹುದು ಎಂಬ ಮಾತನ್ನು ಬರಹದಲ್ಲಿ ಪಡೆಯಿರಿ.

ಕೀಲಿ ಕೈಗೆ ಬಂದಾಗ

ಸುತ್ತ ಒಂದು ವಿಡಿಯೋ ಮಾಡಿ, ಚಾವಣಿಯದೂ ಸೇರಿ. ಟೈರಿನ ಬದಿಯ ರಬ್ಬರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಇಂಥ ಗಾಡಿಗಳು ನಿಂತಲ್ಲೇ ನಿಂತಿರುವುದೂ ಉಂಟು, ಹಾಗಾಗಿ ಟೈರಿನ ಮೇಲ್ಮೈ ಸವೆಯದಿದ್ದರೂ ರಬ್ಬರು ಮುದಿಯಾಗಿರಬಹುದು.

ಕೊಡುವವರು ಹತ್ತು ನಿಮಿಷದಲ್ಲಿ ಎಲ್ಲ ತೋರಿಸಿ ಮುಗಿಸಲು ನೋಡುತ್ತಾರೆ. ಸುಮ್ನೆ ತಲೆ ಆಡಿಸಬೇಡಿ. ಒಲೆ, ಪಂಪು, ಫ್ರಿಜ್ಜು, ಹೀಟರ್ ಎಲ್ಲವನ್ನೂ ನಿಮ್ಮ ಕೈಯಿಂದಲೇ ಒಮ್ಮೆ ಚಾಲೂ ಮಾಡಿ ನೋಡಿ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಡ್ರೈವರ್ ಕಣ್ಣೆದುರು ಅಂಟಿಸಿ. ಕಾರಿಗೆ ದಾರಿ ತೋರಿಸುವ ಮಾಮೂಲಿ ಆ್ಯಪಿಗೆ ತಗ್ಗಿನ ಸೇತುವೆಯ ಚಿಂತೆ ಇರುವುದಿಲ್ಲ. ಎತ್ತರ, ತೂಕ ತುಂಬಿಸಬಹುದಾದ ಆ್ಯಪ್ ಬಳಸಿ.

ನೀರು, ಕರೆಂಟು, ಗ್ಯಾಸು

ಮನೆಯಲ್ಲಿ ಇವು ಮುಗಿಯುತ್ತವೆ ಅನ್ನುವ ಯೋಚನೆಯೇ ಬರುವುದಿಲ್ಲ. ಇಲ್ಲಿ ದಿನವೂ ಇವುಗಳದೇ ಲೆಕ್ಕ. ವ್ಯಾನಿನ ಟ್ಯಾಂಕು 100 ಲೀಟರಿನದು ಅಂದುಕೊಳ್ಳಿ. ಮನೆಯ ಶವರ್ ನಿಮಿಷಕ್ಕೆ ಹತ್ತು ಲೀಟರಿನಷ್ಟು ಸುರಿಸುತ್ತದೆ. ಅದೇ ಅಭ್ಯಾಸ ಇಟ್ಟುಕೊಂಡರೆ ಹತ್ತು ನಿಮಿಷಕ್ಕೆ ಟ್ಯಾಂಕು ಖಾಲಿ. ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಬಿಡಿ.

ಗಾಡಿಯಲ್ಲಿ ಎರಡು ಬ್ಯಾಟರಿ. ಒಂದು ಎಂಜಿನ್ ಚಾಲೂ ಮಾಡಲು, ಇನ್ನೊಂದು ಗಾಡಿಯೊಳಗಿನ ಮನೆಗೆ. ಮನೆಯದು 12 ವೋಲ್ಟಿನ 100 ಆಂಪಿಯರ್-ಅವರ್ ಆದರೆ ಅದರಲ್ಲಿರುವುದು 1,200 ವ್ಯಾಟ್-ಅವರ್, ಅಂದರೆ 1,200 ವ್ಯಾಟಿನ ಸಾಮಾನನ್ನು ಒಂದು ಗಂಟೆ ನಡೆಸುವಷ್ಟು ಕರೆಂಟು. ಹಳೆಯ ಲೆಡ್-ಆ್ಯಸಿಡ್ ಬಗೆಯದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ, ಅಂದರೆ ಕೈಗೆ ಸಿಗುವುದು 600. ದೀಪ, ಪಂಪು, ಫೋನಿಗೆ ಅಷ್ಟು ಧಾರಾಳ. 1,500 ವ್ಯಾಟಿನ ಕೆಟಲ್ ಹಚ್ಚಿದರೆ ಅರ್ಧ ಗಂಟೆಯೂ ಬರುವುದಿಲ್ಲ. ಲಿಥಿಯಂ ಬ್ಯಾಟರಿಯಾದರೆ ಇನ್ನೂ ಕೆಳಗೆ ಇಳಿಸಬಹುದು. ನಿಮ್ಮದು ಯಾವುದು ಕೇಳಿ. ಎ.ಸಿ. ಮಾತ್ರ ಸಾಮಾನ್ಯವಾಗಿ ಹೊರಗಿನ ಕರೆಂಟಿಗೋ ಜನರೇಟರಿಗೋ ಕಾಯುತ್ತದೆ.

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕೆ ಇಳಿಯುತ್ತದೆ, ಅದಕ್ಕೇ ಗಾಡಿಯ ನೆಲದಲ್ಲಿ ತೂತುಗಳಿರುತ್ತವೆ. ಚಳಿಯಾಗುತ್ತದೆ ಅಂತ ಅವುಗಳನ್ನು ಮುಚ್ಚಬೇಡಿ. ಒಲೆ ಹಚ್ಚಿಟ್ಟು ಗಾಡಿ ಬೆಚ್ಚಗೆ ಮಾಡುವುದಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅದರ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಗುಂಡಿ ಒತ್ತಿ ನೋಡಿ.

ಮೊದಲು ಊರು

ಮೊದಲ ರಾತ್ರಿ ನೇರ ಕಾಡಿಗೆ ನುಗ್ಗಬೇಡಿ. ಊರಂಚಿನ, ನೀರು, ಕರೆಂಟು ಇರುವ ಕ್ಯಾಂಪಿಂಗ್ ಜಾಗದಲ್ಲಿ ಇಳಿಯಿರಿ. ಪಂಪು ಕೆಟ್ಟಿದ್ದರೆ, ಹೀಟರ್ ಹತ್ತದಿದ್ದರೆ ಅವತ್ತೇ ಗೊತ್ತಾಗುತ್ತದೆ, ಬಾಡಿಗೆ ಕೊಟ್ಟವರೂ ಹತ್ತಿರದಲ್ಲಿರುತ್ತಾರೆ.

ಗಾಡಿಯನ್ನು ಅಲ್ಲೇ ಬಿಟ್ಟು ಊರನ್ನು ಕಾಲ್ನಡಿಗೆ, ಸೈಕಲ್, ಬಸ್ಸಿನಲ್ಲಿ ನೋಡಿ. ಎಷ್ಟೋ ಪಾರ್ಕಿಂಗ್ ಕಟ್ಟಡಗಳ ಬಾಗಿಲು ಎರಡು ಮೀಟರ್ ಚಿಲ್ಲರೆ ಎತ್ತರ, ನಿಮ್ಮ ವ್ಯಾನು ಎರಡೂವರೆ ದಾಟಿರುತ್ತದೆ. ಕೆಲವು ಹಳೆಯ ಊರುಗಳ ನಡುವಿನ ರಸ್ತೆಗಳಿಗೆ ಹೊಗೆ ಜಾಸ್ತಿ ಬಿಡುವ ಗಾಡಿಗಳನ್ನು ಬಿಡುವುದೇ ಇಲ್ಲ. ಊರು ಬಿಡುವ ದಿನ ನೀರು, ಡೀಸೆಲ್ಲು, ದಿನಸಿ ತುಂಬಿಸಿ. ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ, ಕಾಡಿನಲ್ಲಿ ಸಿಗ್ನಲ್ ಕೈಕೊಡುತ್ತದೆ.

ಹೊರಡುವ ಮುನ್ನ ಒಂದು ಸುತ್ತು ಹಾಕಿ. ಗ್ಯಾಸ್ ಬಂದ್, ಕರೆಂಟಿನ ವೈರ್ ಒಳಗೆ, ಮೆಟ್ಟಿಲು ಒಳಗೆ, ಚಾವಣಿಯ ಕಿಟಕಿ ಮುಚ್ಚಿದೆ, ಡ್ರಾಯರಿಗೆ ಚಿಲಕ ಬಿದ್ದಿದೆ. ಕೊನೆಯದು ಮರೆತರೆ ಮೊದಲ ತಿರುವಿನಲ್ಲಿ ಚಮಚಗಳು ನೆನಪಿಸುತ್ತವೆ.

ಆಮೇಲೆ ಕಾಡು

ಎಲ್ಲಿ ತಂಗಬಹುದು ಎಂದು ಮೊದಲೇ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಗುರುತಿಸಿದ ಜಾಗ ಬಿಟ್ಟು ಬೇರೆಡೆ ರಾತ್ರಿ ನಿಲ್ಲುವುದು ಬಹಳ ಕಡೆ ತಪ್ಪು. ಬೆಳಕಿರುವಾಗಲೇ ತಲುಪಿ. ಗೊತ್ತಿಲ್ಲದ ಕವಲುದಾರಿ ಎದುರಾದರೆ ಗಾಡಿ ನಿಲ್ಲಿಸಿ, ಮೊದಲು ನಡೆದು ನೋಡಿ. ಕೊಂಬೆ ಎಷ್ಟು ತಗ್ಗಿದೆ, ನೆಲ ಗಟ್ಟಿಯಿದೆಯೇ, ತಿರುಗಿಸಲು ಜಾಗವಿದೆಯೇ? ಒದ್ದೆ ಹುಲ್ಲು ನೋಡಲು ಚಂದ, ಮೂರು ಟನ್ನಿನ ಗಾಡಿಗೆ ಅದು ಬಲೆ. ಮೂತಿ ರಸ್ತೆಯ ಕಡೆ ಇಟ್ಟು ನಿಲ್ಲಿಸಿ.

ಗಾಡಿ ಸಮತಟ್ಟಾಗಿ ನಿಲ್ಲಬೇಕು. ನಿದ್ದೆಗಷ್ಟೇ ಅಲ್ಲ, ಗ್ಯಾಸಿನಲ್ಲೂ ನಡೆಯುವ ಬಗೆಯ ಫ್ರಿಜ್ಜು ಓರೆಯಾಗಿ ನಿಂತರೆ ಸರಿಯಾಗಿ ತಂಪಾಗುವುದಿಲ್ಲ. ಗಾಡಿಯ ಜೊತೆ ಕೊಟ್ಟ ಇಳಿಜಾರು ದಿಮ್ಮಿಗಳನ್ನು ತಗ್ಗಿರುವ ಕಡೆಯ ಚಕ್ರದಡಿ ಇಟ್ಟು ಗಾಡಿ ಹತ್ತಿಸಿ. ಊಟದ ಸಾಮಾನು, ಕಸ ಹೊರಗೆ ಬಿಡಬೇಡಿ. ಬೆಂಕಿಗೆ ಅನುಮತಿ ಇದ್ದರೂ ದೂರದೂರಿನ ಸೌದೆ ತರಬೇಡಿ, ಅದರೊಳಗಿನ ಹುಳ ಹೊಸ ಕಾಡಿಗೆ ಹಬ್ಬುತ್ತದೆ. ಪಾತ್ರೆ ತೊಳೆದ ನೀರನ್ನೂ ಹಳ್ಳಕ್ಕೆ ಬಿಡಬಾರದು, ಅದು ಕೊಳೆ ನೀರಿನ ಟ್ಯಾಂಕಿನಲ್ಲೇ ಇರಲಿ.

ಯಾರೂ ಹೇಳದ ಕೆಲಸ

ಟಾಯ್ಲೆಟ್ ಟ್ಯಾಂಕು ಖಾಲಿ ಮಾಡುವುದು. ಇದಕ್ಕೆಂದೇ ಇರುವ ಡಂಪ್ ಸ್ಟೇಷನ್ನಿಗೇ ಹೋಗಿ, ಗ್ಲೌಸ್ ಹಾಕಿ. ದೊಡ್ಡ ಗಾಡಿಗಳನ್ನು ಚರಂಡಿಯ ಪೈಪಿಗೆ ಜೋಡಿಸಿ ನಿಲ್ಲಿಸಿದಾಗ ಟಾಯ್ಲೆಟ್ ಟ್ಯಾಂಕಿನ ವಾಲ್ವನ್ನು ಸದಾ ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಮಾತ್ರ ಒಳಗೆ ಗುಡ್ಡೆಯಾಗುತ್ತದೆ. ಮೂರರಲ್ಲಿ ಎರಡು ಪಾಲು ತುಂಬುವವರೆಗೆ ಮುಚ್ಚಿಡಿ. ತೆರೆಯುವಾಗ ಮೊದಲು ಅದು, ಆಮೇಲೆ ಸಿಂಕಿನ ಕೊಳೆ ನೀರಿನದು. ಸೋಪು ನೀರು ಪೈಪನ್ನೂ ತೊಳೆಯುತ್ತದೆ. ಚಿಕ್ಕ ವ್ಯಾನಿನಲ್ಲಿ ಕ್ಯಾಸೆಟ್, ಅಂದರೆ ಹೊರಗೆ ತೆಗೆಯಬಹುದಾದ ಪುಟ್ಟ ಟಾಯ್ಲೆಟ್ ಟ್ಯಾಂಕು, ಇದ್ದರೆ ಸೂಟ್‌ಕೇಸಿನಂತೆ ಎಳೆದೊಯ್ದು ಸುರಿದು ಬಂದರಾಯಿತು. ಕುಡಿಯುವ ನೀರಿನ ಪೈಪನ್ನು ಮಾತ್ರ ಈ ಜಾಗದ ಹತ್ತಿರಕ್ಕೂ ತರಬೇಡಿ.